ಎದೆಹಾಲಿನ ಬ್ಯಾಂಕ್ ಊರಿಗೆ ಹತ್ತಿರ ಬರಲಿ

ತಿಂಗಳು ತುಂಬದೆ ಹುಟ್ಟುವ ಮಕ್ಕಳಿಗೆ ದಾನಿಗಳ ಎದೆಹಾಲು ದೊಡ್ಡ ನಗರಗಳಲ್ಲಷ್ಟೇ ಅಲ್ಲ, ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಸಿಗಬೇಕು.

ನನ್ನ ಮೊಮ್ಮಗಳು 30ನೇ ವಾರಕ್ಕೇ ಹುಟ್ಟಿದಳು. ತೂಕ 1,200 ಗ್ರಾಂ. ಅಂಗೈಯಲ್ಲಿ ಹಿಡಿಯುವಷ್ಟು ಕೂಸು! ಮಗಳಿಗೆ ಮೊದಲ ನಾಲ್ಕು ದಿನ ಹಾಲೇ ಬರಲಿಲ್ಲ. ಇಂಥ ಮಕ್ಕಳ ಕರುಳು ಬಲಿತಿರುವುದಿಲ್ಲ, ಡಬ್ಬಿ ಹಾಲು ಕೊಟ್ಟರೆ ಕರುಳಿನ ಸೋಂಕಿನ ಅಪಾಯ ಜಾಸ್ತಿ ಎಂದರು ವೈದ್ಯರು. ಕೊನೆಗೆ ಅಳಿಯ ಕಾರಿನಲ್ಲಿ ಬೆಂಗಳೂರಿಗೆ ಹೋಗಿ, ದಾನಿಗಳ ಹಾಲು ಸಂಗ್ರಹಿಸಿಡುವ ಎದೆಹಾಲಿನ ಬ್ಯಾಂಕಿನಿಂದ ಐಸ್ ಪೆಟ್ಟಿಗೆಯಲ್ಲಿ ಹಾಲು ತಂದರು. ಕಾರು ಇಲ್ಲದವರು ಏನು ಮಾಡಬೇಕು?

ಇದೇನೂ ಹೊಸ ವಿದ್ಯೆಯಲ್ಲ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಇಂಥ ಬ್ಯಾಂಕ್ ಶುರುವಾಯಿತು. ನಮ್ಮ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ. ದಾನಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಫ್ರೀಜರ್‌ನಲ್ಲಿ ಇಡುತ್ತಾರೆ. ಸುಮ್ನೆ ಹೆದರುವಂಥದ್ದು ಏನಿಲ್ಲ. ಆದರೂ 'ಬೇರೆಯವರ ಹಾಲಾ?' ಎಂದು ಮೊದಲು ಮೂಗು ಮುರಿದವಳು ನಾನೇ.

ಮೊಮ್ಮಗಳಿಗೆ ಈಗ ಮೂರು ವರ್ಷ. ಅವಳ ಹುಟ್ಟುಹಬ್ಬಕ್ಕೆ ಛತ್ರ ಬಾಡಿಗೆಗೆ ಹಿಡಿಯುವುದಿಲ್ಲ. ಆ ದುಡ್ಡಲ್ಲಿ ನವಜಾತ ಶಿಶುಗಳ ವಾರ್ಡಿಗೆ ಉಲ್ಲನ್ ಟೋಪಿ, ಕಾಲುಚೀಲ, ಹಾಲು ತೆಗೆಯುವ ಪಂಪ್ ಕೊಡುತ್ತೇವೆ. ಆದರೆ ಬ್ಯಾಂಕ್ ಕಟ್ಟುವುದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಆರೋಗ್ಯ ಇಲಾಖೆ ಜಾಗ, ಸಿಬ್ಬಂದಿ ಕೊಡಲಿ. ಯಂತ್ರ, ಫ್ರೀಜರ್ ಖರ್ಚನ್ನು ಸ್ಥಳೀಯ ಸಂಘ ಸಂಸ್ಥೆಗಳು, ದೇವಸ್ಥಾನದ ಟ್ರಸ್ಟ್‌ಗಳು ಹಂಚಿಕೊಳ್ಳಲಿ. ಅಷ್ಟಾಗದಿದ್ದರೆ, ಹಾಲು ಸಂಗ್ರಹಿಸಿ ಹತ್ತಿರದ ಬ್ಯಾಂಕಿಗೆ ಕಳಿಸುವ ಒಂದು ಕೊಠಡಿಯನ್ನಾದರೂ ಮೊದಲು ತೆರೆಯಲಿ.

– ಒಬ್ಬ ಅಜ್ಜಿ, ಹಾಸನ