ಪದಕ ವಾಪಸ್ ಕೊಟ್ಟ ಅಮ್ಮ

ಸಂಪಾದಕರೇ,

ವಿದೇಶದ ಹೋರಾಟಗಾರರ ಬಗ್ಗೆ ನಿಮ್ಮಲ್ಲಿ ಆಗಾಗ ಲೇಖನಗಳು ಬರುತ್ತವೆ. ಮೆಕ್ಸಿಕೋದ ರೊಸಾರಿಯೊ ಇಬಾರ್ರಾ ಅವರಿಗೂ ಒಂದಿಷ್ಟು ಜಾಗ ಸಿಗಲಿ.

ಮಾಂಟೆರೆ ನಗರದ ಈ ಗೃಹಿಣಿಯ ಮಗ ಹೆಸೂಸ್ ವೈದ್ಯಕೀಯ ವಿದ್ಯಾರ್ಥಿ. ಗೆರಿಲ್ಲಾ ಗುಂಪಿನವನೆಂದು 1975ರ ಏಪ್ರಿಲ್‌ನಲ್ಲಿ ಪೊಲೀಸರು ಹಿಡಿದೊಯ್ದರು. ಆಮೇಲೆ ಅವನ ಸುಳಿವೇ ಇಲ್ಲ. ತಾಯಿ ಸುಮ್ನೆ ಕೂರಲಿಲ್ಲ. ರಾಜಧಾನಿಗೆ ಹೋಗಿ ಕಚೇರಿ ಕಚೇರಿ ಅಲೆದರು. ತಮ್ಮಂತೆಯೇ ಮಕ್ಕಳಿಗಾಗಿ ಹುಡುಕುತ್ತಿದ್ದ ತಾಯಂದಿರನ್ನು ಸೇರಿಸಿ 1977ರಲ್ಲಿ ಸಂಘಟನೆ ಕಟ್ಟಿದರು. ಮರುವರ್ಷ ಮೆಕ್ಸಿಕೋ ಸಿಟಿಯ ದೊಡ್ಡ ಚರ್ಚಿನ ಆವರಣದಲ್ಲಿ ಉಪವಾಸ ಕೂತರು. ಅದೇ ವರ್ಷ ರಾಜಕೀಯ ಕೈದಿಗಳ ಬಿಡುಗಡೆಗೆ ಕಾನೂನು ಬಂತು. 1982ರಲ್ಲಿ ಅಧ್ಯಕ್ಷ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ, ಅದು ದೊಡ್ಡ ವಿಷಯವೂ ಅಲ್ಲ ಬಿಡಿ.

ನನಗೆ ಜಾಸ್ತಿ ಹಿಡಿಸಿದ್ದು 2019ರ ಸಂಗತಿ. ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಕೊಡುವ ಅತ್ಯುನ್ನತ ಪದಕ 92ನೇ ವಯಸ್ಸಿನಲ್ಲಿ ಸಿಕ್ಕಿತು. ಅವರ ಭಾಷಣವನ್ನು ಮಗಳು ಓದಿದರು. ಪದಕವನ್ನು ಅವರು ಇಟ್ಟುಕೊಳ್ಳಲೇ ಇಲ್ಲ. ದೇಶದ ಅಧ್ಯಕ್ಷರ ಕೈಗೆ ಒಪ್ಪಿಸಿ, ‘ಕಾಣೆಯಾದವರ ಬಗ್ಗೆ ಸತ್ಯ ತಿಳಿಸಿ, ಆಮೇಲೆ ಇದನ್ನು ಹಿಂದಿರುಗಿಸಿ’ ಎಂದರು. ಎಂಥ ಗಟ್ಟಿ ಜೀವ ಅಲ್ವಾ!

2022ರ ಏಪ್ರಿಲ್‌ನಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗನಿಗೆ ಏನಾಯಿತೆಂದು ಕೊನೆಗೂ ತಿಳಿಯಲಿಲ್ಲ. ಅಲ್ಲಿ ಮೇ 10 ತಾಯಂದಿರ ದಿನ. ಅಂದು ಎಷ್ಟೋ ಅಮ್ಮಂದಿರು, ಅಜ್ಜಿಯರು ಮಕ್ಕಳ ಫೋಟೊ ಹಿಡಿದು ಬೀದಿಗಿಳಿಯುತ್ತಾರೆ. ಸರ್ಕಾರಿ ಲೆಕ್ಕದಲ್ಲೇ ಕಾಣೆಯಾದವರು ಒಂದು ಲಕ್ಷ ದಾಟಿದ್ದಾರೆ.

– ಓದುಗಿ, ಧಾರವಾಡ