ಅಪ್ಪನ ಮಾತ್ರೆಗಳ ಬಗ್ಗೆ

ಡಬ್ಲಿನ್

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ನಾವೆಲ್ಲ ಆರಾಮ. ಪೆರ್ಲದಲ್ಲಿ ಮಳೆ ಬಿಟ್ಟಿತಾ? ಅಡಿಕೆಗೆ ಮದ್ದು ಬಿಡುವವರು ಸಿಕ್ಕಿದರಾ?

ನೀನು ಕಳಿಸಿದ ಫೋಟೋ ನೋಡಿದೆ. ಸೊಂಟದ ಆಪರೇಷನ್ ಆದ ಮೇಲೆ ಅಪ್ಪನಿಗೆ ಮಂಗಳೂರಿನಲ್ಲಿ ಕೊಟ್ಟ ಮಾತ್ರೆಯಲ್ಲಿ ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇದೆ. ಟ್ರಮಡಾಲ್ ಮಾರ್ಫಿನ್ ಜಾತಿಯ ಮದ್ದು. ಅದಕ್ಕೆ ಹೆದರಬೇಡ, ಅಂಥ ನೋವಿಗೆ ಬೇಕಾದದ್ದೇ. ನನಗೆ ಗಾಬರಿಯಾದದ್ದು ಫೋಟೋದ ಮೂಲೆಯಲ್ಲಿದ್ದ ಇನ್ನೊಂದು ಸ್ಟ್ರಿಪ್ ನೋಡಿ. ಆಲ್‌ಪ್ರಜೋಲಾಮ್, ಅಪ್ಪನ ಹಳೇ ನಿದ್ರೆ ಮಾತ್ರೆ. ಅದನ್ನು ಬರೆದುಕೊಟ್ಟದ್ದು ಬೇರೆ ಡಾಕ್ಟರ್ ಅಲ್ವಾ? ಮಂಗಳೂರಿನವರಿಗೆ ಹೇಳಿದ್ದೀರಾ?

ಎರಡೂ ಮಂಪರು ತರುವ ಮದ್ದುಗಳೇ. ಒಟ್ಟಿಗೆ ಸೇರಿದರೆ ಉಸಿರಾಟ ನಿಧಾನವಾಗುತ್ತದೆ, ನಿಂತೂ ಹೋಗಬಹುದು. ಅಮೆರಿಕದಲ್ಲಿ 2016ರಿಂದಲೇ ಈ ಜೋಡಿಯ ಬಗ್ಗೆ ಕಪ್ಪು ಚೌಕಟ್ಟು ಹಾಕಿ ಎಚ್ಚರಿಕೆ ಅಚ್ಚು ಮಾಡಿಸುತ್ತಾರೆ. ಹಾಗಂತ ನಿದ್ರೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡ, ಫಿಟ್ಸ್ ಬರಬಹುದು. ನಾಳೆಯೇ ಫೋನ್ ಮಾಡಿ ಕೇಳು.

ಇನ್ನು ಮಾವ. "ನೋವಿಗೆ ಒಂದು ಪೆಗ್ ಒಳ್ಳೇದು ಭಾವ" ಅಂತ ಬ್ರಾಂದಿ ಹಿಡಿದುಕೊಂಡು ಬರುವ ಆಸಾಮಿ! ಬ್ರಾಂದಿಯಾಗಲಿ ಕಳ್ಳಾಗಲಿ, ಈ ಮಾತ್ರೆ ಇರುವಷ್ಟು ದಿನ ಒಂದು ಗುಟುಕೂ ಬೇಡ. ಉಸಿರಿಗೂ ಅಪಾಯ, ಪ್ಯಾರಾಸಿಟಮಾಲ್ ಇರುವುದರಿಂದ ಲಿವರಿಗೂ. ನಾನೇ ಹೇಳಿದೆ ಅನ್ನು, ಬೈದರೆ ನನ್ನನ್ನೇ ಬೈಯಲಿ. ಮೈ ಬಿಸಿ ಅಂತ ಸುಮ್ನೆ ಡೋಲೋ ಕೊಡುವುದೂ ಬೇಡ. ಅದೂ ಪ್ಯಾರಾಸಿಟಮಾಲೇ. ಶೀತದ ಮಾತ್ರೆ, ಕೆಮ್ಮಿನ ಸಿರಪ್ ಕೂಡ ಕೇಳಿಯೇ ಕೊಡು, ಹಲವು ನಿದ್ದೆ ಬರಿಸುವಂಥವು.

ಕಿಡ್ನಿ ಹೇಗಿದೆ ಅಂತ ರಕ್ತಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ಅಪ್ಪನಿಗೆ ಹೋದ ವರ್ಷವೇ ಜಾಸ್ತಿ ಇತ್ತು. ಈ ಮದ್ದು ಹೆಚ್ಚಾಗಿ ಮೂತ್ರದಲ್ಲೇ ಹೊರಗೆ ಹೋಗಬೇಕು. ಕಿಡ್ನಿ ಸೋತಿದ್ದರೆ ಮೈಯಲ್ಲೇ ಉಳಿದು ಸೇರುತ್ತಾ ಹೋಗುತ್ತದೆ. ಆಗ ಎರಡು ಮಾತ್ರೆಗಳ ನಡುವಿನ ಅಂತರ ಹೆಚ್ಚಿಸಬೇಕಾಗುತ್ತದೆ. ಗೊರಕೆಯ ಮಧ್ಯೆ ಅಪ್ಪನಿಗೆ ಉಸಿರು ಕಟ್ಟುವುದನ್ನೂ ಡಾಕ್ಟರಿಗೆ ಹೇಳು.

ದೊಡ್ಡಮ್ಮ ಮಂಡಿನೋವಿಗೆ ಇದರಲ್ಲೇ ಎರಡು ಕೇಳಿದರಂತೆ. ಖಂಡಿತ ಕೊಡಬೇಡ. ಅವರಿಗೆ ಹಿಂದೆ ಫಿಟ್ಸ್ ಬಂದಿತ್ತು, ಈಗ ಖಿನ್ನತೆಗೆ ಸರ್ಟ್ರಾಲಿನ್ ಬೇರೆ ನಡೆಯುತ್ತಿದೆ. ಟ್ರಮಡಾಲ್ ಜೊತೆ ಸೇರಿದರೆ ಮತ್ತೆ ಫಿಟ್ಸ್ ಬರಬಹುದು, ನಡುಕ, ಬೆವರು, ಜ್ವರ ಶುರುವಾಗಬಹುದು.

ಮೆಡಿಕಲ್‌ನವರು ಕವರಿನ ಮೇಲೆ ಮಲಯಾಳದಲ್ಲಿ ಬರೆದಿದ್ದಾರಲ್ಲ, ಅಪ್ಪನಿಗೆ ಅದು ಓದಲು ಬರುವುದಿಲ್ಲ. ಪುಟ್ಟಿಯ ಹತ್ತಿರ ಓದಿಸಿ, ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿಡು. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ತುಟಿ ನೀಲಿಯಾದರೆ ನನಗೆ ಫೋನ್ ಮಾಡುತ್ತಾ ಕೂರಬೇಡ. ಮೊದಲು 108ಕ್ಕೆ ಮಾಡು. ಆಸ್ಪತ್ರೆಗೆ ಹೋಗುವಾಗ ಎಲ್ಲ ಸ್ಟ್ರಿಪ್‌ಗಳನ್ನೂ ತೆಗೆದುಕೊಂಡು ಹೋಗು.

ಈ ಮಾತ್ರೆಯಿಂದ ಮಲಬದ್ಧತೆ ಆಗುವುದು ಸಾಮಾನ್ಯ. ಅಪ್ಪ ನಾಚಿಕೆಯಿಂದ ಹೇಳುವುದಿಲ್ಲ, ಅತ್ತಿಗೆಗಿಂತ ನೀನೇ ಕೇಳು. ಅದಕ್ಕೂ ಮದ್ದು ಬರೆಸಿಕೊ. ಹೊಸ ರಕ್ತಪರೀಕ್ಷೆಯ ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸು.

ಇಂತಿ ನಿನ್ನ ತಂಗಿ