ತಿರಮಿಸು ಸಂಜೆಗೆ ಇರಲಿ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ "ಈ ಸಲ ಯುಗಾದಿಗೆ ಒಬ್ಬಟ್ಟು ಬೇಡಮ್ಮ, ಅದರ ಬದಲು ನಾನು ತಿರಮಿಸು ಮಾಡ್ಕೊಂಡು ಬರ್ತೀನಿ" ಅಂದೆಯಲ್ಲ, ನಿಮ್ಮಮ್ಮ "ಆಯ್ತು" ಅಂದಳು. ಫೋನ್ ಇಟ್ಟ ಮೇಲೆ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಂತಳು. ಅದರ ಅರ್ಥ ನಿನಗೆ ಗೊತ್ತು. ಅದಕ್ಕೇ ವಾಟ್ಸಾಪಿನಲ್ಲಿ ಎರಡು ಸಾಲು ಹಾಕೋಣ ಅಂತ ಕೂತೆ, ಇಷ್ಟುದ್ದ ಆಗಿಬಿಟ್ಟಿದೆ.

ತಿರಮಿಸು, ಅಂದರೆ ಇಟಲಿಯವರ ಆ ಕಾಫಿ-ಕೆನೆಯ ಸಿಹಿ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು 'ಬದಲು' ಅನ್ನೋ ಮಾತಿಗೆ.

ಹೊರಗಿನ ಸಿಹಿ ನಮ್ಮನೆಗೆ ಹೊಸದೇನಲ್ಲ. ಜಾಮೂನು ಇಲ್ಲದಿದ್ದರೆ ದೀಪಾವಳಿನೇ ಅಲ್ಲ ಅಂತೀಯ ಅಲ್ವಾ? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಜಾಮೂನು ಮಿಕ್ಸಿನ ಪೊಟ್ಟಣ ತಂದಾಗ ನಿನ್ನಜ್ಜಿ "ಈ ಕರೀ ಉಂಡೇನ ದೇವರ ಮುಂದೆ ಇಡಬೇಡ" ಅಂದಿದ್ದಳು. ನಾನು, ನಿನ್ನ ಚಿಕ್ಕಪ್ಪ ಹಿತ್ತಲ ಕಟ್ಟೆ ಮೇಲೆ ಕೂತು ಕಳ್ಳರ ಹಾಗೆ ತಿಂದೆವು. ಮುಂದಿನ ವರ್ಷ ಅವಳೇ ಕೇಳಿದಳು, "ಆ ಪೊಟ್ಟಣ ತರಲಿಲ್ವೇನೋ?" ಅಂತ. ಪಾಯಸದ ಸಬ್ಬಕ್ಕಿ ತಗೋ. ಅದು ಸೇಲಂ ಕಡೆಯಿಂದ ಬರುತ್ತದೆ, ಮರಗೆಣಸಿನ ಹಿಟ್ಟಿನಿಂದ ಮಾಡುತ್ತಾರೆ, ಆ ಗೆಣಸಿನ ತವರು ದಕ್ಷಿಣ ಅಮೆರಿಕ. ಮೇಲೆ ಉದುರಿಸೋ ಗೋಡಂಬಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಮೆಣಸಿನಕಾಯಿಗಂತೂ ನಾವು ಹೊಸ ಹೆಸರನ್ನೂ ಇಡಲಿಲ್ಲ, ಮನೆಯಲ್ಲಿ ಮೊದಲಿಂದ ಇದ್ದ ಮೆಣಸಿನ ಹೆಸರನ್ನೇ ಕೊಟ್ಟು ಒಳಗೆ ಕರೆದುಕೊಂಡೆವು. ಆದರೆ ನೋಡು, ಇದ್ಯಾವುದೂ ಬಂದಿದ್ದಕ್ಕೆ ಒಬ್ಬಟ್ಟು ಎದ್ದು ಹೋಗಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟಿತು ಅಷ್ಟೆ.

ಇನ್ನೊಂದು ವಿಷಯ ನೀನು ಯೋಚಿಸಿರಲಿಕ್ಕಿಲ್ಲ. ಒಬ್ಬಟ್ಟು ತೆಗೆದರೆ ಸಾರೂ ಹೋಗುತ್ತದೆ! ಬೇಳೆ ಬೇಯಿಸಿ ಬಸಿದ ಕಟ್ಟು, ಅದಕ್ಕೆ ಒಂದು ಮುಷ್ಟಿ ಹೂರಣ ಕದಡಿ, ಹುಣಸೆಹುಳಿ, ಸಾರಿನಪುಡಿ ಹಾಕಿ ಕುದಿಸಿದರೆ ತಾನೇ ಒಬ್ಬಟ್ಟಿನ ಸಾರು? ಹೂರಣವೇ ಇಲ್ಲ ಅಂದರೆ ಅದು ಎಲ್ಲಿಂದ ಬರಬೇಕು? ಮಾರನೇ ದಿನ ಆ ಹಳೇ ಸಾರಿಗೆ ಬಿಸಿ ಅನ್ನ ಕಲಸಿ, ತುಪ್ಪ ಹಾಕಿ, ಪಕ್ಕದಲ್ಲಿ ತಣ್ಣಗಿನ ಒಬ್ಬಟ್ಟು ಮುರಿದುಕೊಂಡು ತಿನ್ನೋದಕ್ಕೇ ನೀನು ಯುಗಾದಿ ಮಾರನೇ ದಿನ ಸ್ಕೂಲಿಗೆ ಹೊಟ್ಟೆನೋವಿನ ರಜಾ ಹಾಕುತ್ತಿದ್ದೆ. ನನಗೆ ಆಗಲೂ ಗೊತ್ತಿತ್ತು.

ಇಟಲಿಯವರ ಊಟದಲ್ಲಿ ಸಿಹಿ ಕೊನೆಗೆ ಬರುತ್ತದೆ, ತಿರಮಿಸು ಹುಟ್ಟಿದ್ದೇ ಹಾಗೆ. ನಮ್ಮ ಎಲೆಯಲ್ಲಿ ಪಾಯಸದ ಚೂರು ಮೊದಲೇ ಬೀಳುತ್ತದೆ, ಒಬ್ಬಟ್ಟು ನಡುವೆ ಬರುತ್ತದೆ, ಆಮೇಲೂ ಮೊಸರನ್ನ ಇದೆ. ಅಲ್ಲಿಗೆ ಕಾಫಿ, ಕೋಕೋ, ತಣ್ಣನೆ ಕೆನೆ ತಂದು ಬಡಿಸಿದರೆ ಅದು ಹರಿದು ಕೋಸಂಬರಿಗೆ ಸೇರಿ, ಎರಡೂ ಕೆಡುತ್ತವೆ. ಮೂವತ್ತು ವರ್ಷದಿಂದ ಈ ಮನೆಯಲ್ಲಿ ಬಡಿಸುತ್ತಿರೋನು ಹೇಳ್ತಿದೀನಿ, ನಂಬು. ಎಲ್ಲರೂ ಒಂದು ನಿದ್ದೆ ಮುಗಿಸಿ ಏಳೋದು ಐದು ಗಂಟೆಗೆ. ಆಗ ತೆಗಿ ನಿನ್ನ ಡಬ್ಬಿ.

ಮೊಟ್ಟೆ ವಿಷಯ ನಿನಗೆ ಹೇಳಬೇಕಿಲ್ಲ. ಅವರ ಪದ್ಧತಿಯ ತಿರಮಿಸುಗೆ ಹಸಿ ಮೊಟ್ಟೆಯ ಹಳದಿ ಹಾಕುತ್ತಾರೆ, ಆ ಬೆರಳಿನಂಥ ಸವೊಯಾರ್ಡಿ ಬಿಸ್ಕತ್ತಿನಲ್ಲೂ ಮೊಟ್ಟೆ ಇರುತ್ತದೆ, ಕೆಲವರು ರಮ್ ಬೇರೆ ಸುರಿಯುತ್ತಾರೆ. ನಮ್ಮ ಅಯ್ಯಂಗಾರ್ ಬೇಕರಿಯ ಮೊಟ್ಟೆಯಿಲ್ಲದ ಕೇಕನ್ನು ತೆಳ್ಳಗೆ ಸೀಳಿ ಸ್ವಲ್ಪ ಒಣಗಿಸಿದರೆ ಆಯಿತು. ಅದಕ್ಕೆ ಹಾಕೋ ಮೆತ್ತನೆ ಚೀಸು, ಮಸ್ಕರ್ಪೋನೆ ಅಂದರೂ ಹೆದರೋ ಅಂಥದ್ದಲ್ಲ, ಕೆನೆ ಕಾಯಿಸಿ, ನಿಂಬೆಹುಳಿ ಹಿಂಡಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಬಸಿಯೋದು. ಅಂಗಡಿಯಿಂದ ಮಾತ್ರ ತರಬೇಡ. ಹೋದ ಗಣೇಶನ ಹಬ್ಬಕ್ಕೆ 'ಪಕ್ಕಾ ವೆಜ್' ಅಂತ ತರಿಸಿದ ಪನಾಕೋಟ ಅನ್ನೋ ಕೆನೆಯ ಸಿಹಿಯಲ್ಲಿ ಜೆಲಟಿನ್ ಇತ್ತಲ್ಲ, ದನದ್ದೋ ಹಂದಿಯದೋ ಮೂಳೆ-ಚರ್ಮದ್ದು, ಅಜ್ಜಿ ಎರಡು ಬಟ್ಟಲು ತಿಂದು "ಇನ್ನೊಂಚೂರು ಇದೆಯಾ" ಅಂದಿದ್ದಳು. ಇವತ್ತಿಗೂ ಅವಳಿಗೆ ಹೇಳಿಲ್ಲ. ನೀನೂ ಬಾಯಿ ಬಿಡಬೇಡ. ಕಡಲಪಾಚಿಯಿಂದ ಮಾಡೋ ಚೈನಾ ಗ್ರಾಸ್ ಹಾಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಅಜ್ಜಿಗೆ ವಿಷಯ ಗೊತ್ತಾಗಿದೆ. ಕಾಫಿ ಹಾಕಿದ ಸಿಹಿ ಅಂದಿದ್ದೇ ತಡ, ಬೆಳಗ್ಗೆಯಿಂದ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾ ಕೂತಿದ್ದಾಳೆ. ಚಿಕ್ಕಮಗಳೂರಿನ ಪುಡಿ ತಂದಿಟ್ಟಿದ್ದೇನೆ, ಡಿಕಾಕ್ಷನ್ ನನ್ನ ಜವಾಬ್ದಾರಿ, ಗಟ್ಟಿ ಹಾಕ್ತೀನಿ, ಚಿಕೋರಿ ಇರಲ್ಲ.

ವೈಟ್‌ಫೀಲ್ಡಿನಿಂದ ಮಾಡಿಕೊಂಡು ತರಬೇಡ. ಈ ಬಿಸಿಲಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನ ಜನಜಂಗುಳಿಯಲ್ಲಿ ಹಸಿರು ಲೈನಿಗೆ ಬದಲಾಯಿಸಿ ನ್ಯಾಷನಲ್ ಕಾಲೇಜಿನಲ್ಲಿ ಇಳಿಯೋ ಹೊತ್ತಿಗೆ ಅದು ಪಾಯಸ ಆಗಿರುತ್ತದೆ. ಹಿಂದಿನ ದಿನವೇ ಬಂದು ಇಲ್ಲೇ ಜೋಡಿಸು. ಇಡ್ಲಿ ಹಿಟ್ಟಿನ ಡಬ್ಬ ಎತ್ತಿಸಿ ಫ್ರಿಜ್ಜಿನಲ್ಲಿ ಒಂದು ಅಂತಸ್ತು ಖಾಲಿ ಮಾಡಿಸಿದ್ದೇನೆ. ಬರೋವಾಗ ಗಾಂಧಿ ಬಜಾರಿನಲ್ಲಿ ಬಾಳೆಲೆ ತಗೊಂಡು ಬಾ, ಹತ್ತು ಸಾಕು.

ಅದಕ್ಕೆ ಮುಂಚೆ ಅಮ್ಮನಿಗೆ ಒಂದು ಫೋನ್ ಮಾಡು. ಒಬ್ಬಟ್ಟಿಗೆ ಈ ಸಲ ಎಷ್ಟು ಬೇಳೆ ಹಾಕ್ತೀಯ ಅಂತ ಸುಮ್ನೆ ಕೇಳು. ನಾನು ಹೇಳಿಕೊಟ್ಟೆ ಅನ್ನಬೇಡ.

ಅಪ್ಪ